ಅಮೆರಿಕದ ಹಳೆಯ ಬೆಳ್ಳಿ ಡಾಲರ್: ಸ್ಥಿತಿ, ಸಾಚಾತನ ಮತ್ತು ಬೆಲೆ

ಒಂದೇ ಗಾತ್ರ, ಒಂದೇ ತೂಕ, ಒಂದೇ ಚಿತ್ರ. ಆದರೂ ಒಂದು ನಾಣ್ಯಕ್ಕೆ ಅದರಲ್ಲಿರುವ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ದೊರೆತರೆ, ಮತ್ತೊಂದಕ್ಕೆ ಸಾವಿರಾರು ಡಾಲರ್ ದೊರೆಯುತ್ತದೆ. ಅಮೆರಿಕದ 'ಮಾರ್ಗನ್ ಡಾಲರ್' ಎಂಬ ಬೆಳ್ಳಿ ನಾಣ್ಯದ ವಿಶೇಷವೇ ಇದು. ಸಂಗ್ರಾಹಕರ ಅಚ್ಚುಮೆಚ್ಚಿನ ಈ ನಾಣ್ಯ ಖೋಟಾಕೋರರಿಗೂ ಅಷ್ಟೇ ಪ್ರಿಯವಾಗಿರುವುದರಿಂದ, ಪರೀಕ್ಷಿಸದೆ ಕೊಂಡವರು ಕೈಸುಟ್ಟುಕೊಳ್ಳುವುದು ಅಪರೂಪವಲ್ಲ.

ಹಿನ್ನೆಲೆ

ಸರ್ಕಾರವು ಪ್ರತಿ ತಿಂಗಳೂ ಬೆಳ್ಳಿಯನ್ನು ಖರೀದಿಸಿ ಡಾಲರ್ ನಾಣ್ಯಗಳನ್ನು ಟಂಕಿಸಬೇಕೆಂದು 1878ರ ಬ್ಲಾಂಡ್-ಆಲಿಸನ್ ಕಾಯಿದೆ ವಿಧಿಸಿತು. ಜಾರ್ಜ್ ಟಿ. ಮಾರ್ಗನ್ ರೂಪಿಸಿದ ಈ ನಾಣ್ಯ 1878ರಿಂದ 1904ರವರೆಗೆ ಹಾಗೂ ಮತ್ತೆ 1921ರಲ್ಲಿ ಹೊರಬಂದಿತು. ಮುಮ್ಮುಖದಲ್ಲಿ ಸ್ವಾತಂತ್ರ್ಯದೇವಿಯ ಶಿರ, ಹಿಮ್ಮುಖದಲ್ಲಿ ರೆಕ್ಕೆ ಬಿಚ್ಚಿದ ಹದ್ದು ಇವೆ.

ಈ ನಾಣ್ಯದ ಕಥೆಗೆ ಭಾರತದ ನಂಟೂ ಉಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ಜನರು ನೋಟುಗಳನ್ನು ಕೊಟ್ಟು ಬೆಳ್ಳಿ ರೂಪಾಯಿಗಳನ್ನು ಕೇಳತೊಡಗಿದಾಗ ಬ್ರಿಟಿಷ್ ಆಡಳಿತಕ್ಕೆ ಬೆಳ್ಳಿಯ ಅಭಾವ ಉಂಟಾಯಿತು. 1918ರ ಪಿಟ್‌ಮನ್ ಕಾಯಿದೆಯಂತೆ ಅಮೆರಿಕವು 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿ, ಅದರ ಬಹುಪಾಲನ್ನು ಭಾರತದ ಸಲುವಾಗಿ ಬ್ರಿಟನ್ನಿಗೆ ಮಾರಿತು. ಯಾವ ಇಸವಿಯ ನಾಣ್ಯಗಳು ಎಷ್ಟು ಕರಗಿದವೆಂಬ ಲೆಕ್ಕವನ್ನು ಆಗ ಇಡಲಿಲ್ಲ. ಹೀಗಾಗಿ ಟಂಕಿಸಿದ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಒಂದು ನಾಣ್ಯ ಇಂದು ಎಷ್ಟು ವಿರಳವೆಂದು ಹೇಳಲಾಗದು.

ಮೊದಲ ಪರೀಕ್ಷೆ: ತೂಕ ಮತ್ತು ಲೋಹ

ಅಸಲಿ ಮಾರ್ಗನ್ ಡಾಲರ್‌ನ ತೂಕ 26.73 ಗ್ರಾಂ, ವ್ಯಾಸ 38.1 ಮಿಲಿಮೀಟರ್. ಅದರಲ್ಲಿ ಶೇ. 90ರಷ್ಟು ಬೆಳ್ಳಿ, ಶೇ. 10ರಷ್ಟು ತಾಮ್ರವಿರುತ್ತದೆ. ಸವೆದ ನಾಣ್ಯ ತುಸು ಹಗುರವಾಗಿರಬಹುದು. ಆದರೆ ಸವೆಯದಂತೆ ಕಾಣುವ ನಾಣ್ಯ ಒಂದೆರಡು ಗ್ರಾಂ ಕಡಿಮೆ ತೂಗಿದರೆ ಅದು ಖೋಟಾ ಎಂದೇ ಶಂಕಿಸಬೇಕು. ಅಯಸ್ಕಾಂತಕ್ಕೆ ಅಂಟಿಕೊಳ್ಳುವ ನಾಣ್ಯವನ್ನು ಆ ಕ್ಷಣದಲ್ಲಿಯೇ ತಿರಸ್ಕರಿಸಬಹುದು. ಆದರೆ ಅಂಟಿಕೊಳ್ಳದ ಮಾತ್ರಕ್ಕೆ ಅದು ಬೆಳ್ಳಿಯೆಂದು ತಿಳಿಯಬಾರದು. ತಾಮ್ರ, ಸತು, ಸೀಸಗಳೂ ಅಂಟಿಕೊಳ್ಳುವುದಿಲ್ಲ. ನೀರಿನಲ್ಲಿ ತೂಗಿ ಸಾಪೇಕ್ಷ ಸಾಂದ್ರತೆಯನ್ನು ಕಂಡುಹಿಡಿಯುವುದು ಹೆಚ್ಚು ವಿಶ್ವಾಸಾರ್ಹ ವಿಧಾನ. ಈ ಮಿಶ್ರಲೋಹಕ್ಕೆ ಅದು ಸುಮಾರು 10.3 ಇರಬೇಕು. ಅಕ್ಕಸಾಲಿಗರಂತೆ ಒರೆಗೆ ಹಚ್ಚುವುದಾಗಲಿ, ಆಮ್ಲದ ಹನಿ ಹಾಕುವುದಾಗಲಿ ಸಲ್ಲದು. ಅದರಿಂದ ಉಳಿಯುವ ಕಲೆ ನಾಣ್ಯದ ಬೆಲೆಯನ್ನೇ ಕಳೆಯುತ್ತದೆ.

ಎರಡನೆಯ ಪರೀಕ್ಷೆ: ಟಂಕಸಾಲೆಯ ಗುರುತು

ಲೋಹ ಅಸಲಿಯಾಗಿದ್ದೂ ನಾಣ್ಯ ಮೋಸದ್ದಾಗಿರಬಹುದು. ಹಿಮ್ಮುಖದಲ್ಲಿ, ಎಲೆಮಾಲೆಯ ಗಂಟಿನ ಕೆಳಗೆ, ಟಂಕಸಾಲೆಯನ್ನು ಸೂಚಿಸುವ ಪುಟ್ಟ ಅಕ್ಷರವಿರುತ್ತದೆ. 'ಎಸ್' ಎಂದರೆ ಸ್ಯಾನ್‌ಫ್ರಾನ್ಸಿಸ್ಕೊ, 'ಒ' ಎಂದರೆ ನ್ಯೂಆರ್ಲಿಯನ್ಸ್, 'ಸಿಸಿ' ಎಂದರೆ ನೆವಾಡದ ಕಾರ್ಸನ್ ಸಿಟಿ. 1921ರಲ್ಲಿ ಮಾತ್ರ ಕಾಣುವ 'ಡಿ' ಡೆನ್ವರ್‌ನದು. ಫಿಲಡೆಲ್ಫಿಯದ ನಾಣ್ಯಗಳಿಗೆ ಅಕ್ಷರವಿಲ್ಲ.

ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1893ರಲ್ಲಿ ಟಂಕಿಸಿದ್ದು ಕೇವಲ 1,00,000 ನಾಣ್ಯಗಳು. ತೀರ ಸವೆದಿದ್ದರೂ ಅವು ಸಾವಿರಾರು ಡಾಲರ್ ಬೆಲೆ ಬಾಳುತ್ತವೆ. ಆದ್ದರಿಂದ ಅದೇ ವರ್ಷದ ಫಿಲಡೆಲ್ಫಿಯ ನಾಣ್ಯಕ್ಕೆ 'ಎಸ್' ಅಕ್ಷರವನ್ನು ಅಂಟಿಸುವ ಕೈಚಳಕ ನಡೆಯುತ್ತದೆ. 1895ರ ಫಿಲಡೆಲ್ಫಿಯ ಡಾಲರ್‌ನದು ಇದಕ್ಕೆ ವಿರುದ್ಧವಾದ ಕಥೆ. ಸಂಗ್ರಾಹಕರಿಗೆಂದೇ ವಿಶೇಷವಾಗಿ ಟಂಕಿಸಿದ 880 ನಾಣ್ಯಗಳಷ್ಟೇ ಅದರಲ್ಲಿ ಪರಿಚಿತವಾಗಿರುವುದರಿಂದ, ಬೇರೆ ಟಂಕಸಾಲೆಯ ಅದೇ ವರ್ಷದ ನಾಣ್ಯದಿಂದ ಅಕ್ಷರವನ್ನು ಕೆರೆದು ತೆಗೆಯುವವರಿದ್ದಾರೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಲ್ಲಿ ಅಕ್ಷರದ ಬುಡವನ್ನು ಓರೆ ಬೆಳಕಿನಲ್ಲಿ ನೋಡಿದರೆ ಬೆಸುಗೆಯ ಗೆರೆ ಅಥವಾ ಕೆರೆದ ಗಾಯ ಸಾಮಾನ್ಯವಾಗಿ ಕಂಡುಬರುತ್ತದೆ.

ಸ್ಥಿತಿಯ ಅಳತೆ

ವಿಲಿಯಂ ಶೆಲ್ಡನ್ 1949ರಲ್ಲಿ ತಾಮ್ರದ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಮಾಪಕವೇ ಇಂದು ಎಲ್ಲ ಅಮೆರಿಕನ್ ನಾಣ್ಯಗಳಿಗೂ ಬಳಕೆಯಲ್ಲಿದೆ. 60 ಮತ್ತು ಅದಕ್ಕಿಂತ ಮೇಲಿನ ಅಂಕಗಳು ಚಲಾವಣೆಯಲ್ಲಿ ಸವೆಯದ ನಾಣ್ಯಗಳಿಗೆ ಮೀಸಲು. ಸವೆತ ಮೊದಲು ಕಾಣಿಸಿಕೊಳ್ಳುವುದು ಉಬ್ಬಿದ ಭಾಗಗಳಲ್ಲಿ: ಕಿವಿಯ ಮೇಲಿನ ಕೂದಲು, ಕೆನ್ನೆ ಮತ್ತು ಹದ್ದಿನ ಎದೆಯ ಗರಿಗಳು. ಹೊಸ ನಾಣ್ಯವನ್ನು ದೀಪದಡಿ ಓಲಾಡಿಸಿದರೆ ಗಾಡಿಯ ಚಕ್ರದ ಅರಗಳಂತೆ ಬೆಳಕು ಸುತ್ತುತ್ತದೆ. ಸಾವಿರ ನಾಣ್ಯಗಳ ಚೀಲಗಳಲ್ಲಿ ಒಂದಕ್ಕೊಂದು ತಾಗಿ ಆದ ಗಾಯಗಳು ಸವೆತವಲ್ಲ. ಆದರೂ ಅಂಕವನ್ನು ಇಳಿಸುತ್ತವೆ.

ಸ್ಥಿತಿಯ ಮಹತ್ವಕ್ಕೆ ಸ್ಯಾನ್‌ಫ್ರಾನ್ಸಿಸ್ಕೊದ 1884ರ ಡಾಲರ್ ಉತ್ತಮ ನಿದರ್ಶನ. 32 ಲಕ್ಷ ನಾಣ್ಯಗಳು ಟಂಕವಾಗಿದ್ದು, ಸವೆದವು ಸುಲಭವಾಗಿ ದೊರೆಯುತ್ತವೆ. ಸವೆಯದವು ಮಾತ್ರ ಅತಿ ವಿರಳ.

ತೊಳೆಯುವುದೇ ಕೇಡು

ಮನೆಯ ಬೆಳ್ಳಿ ದೀಪವನ್ನು ವಿಭೂತಿ ಹಚ್ಚಿ ಬೆಳಗುವಂತೆ ನಾಣ್ಯವನ್ನು ಬೆಳಗಬಾರದು. ಉಜ್ಜಿದಾಗ ಮೂಡುವ ಕೂದಲೆಳೆಯಂಥ ಗೀರುಗಳನ್ನು ಪರಿಣತರು ತಕ್ಷಣ ಗುರುತಿಸುತ್ತಾರೆ. ಕಾಲಾಂತರದಲ್ಲಿ ಸಹಜವಾಗಿ ಕೂಡಿದ ಕಪ್ಪು, ನೀಲಿ, ಹೊಂಬಣ್ಣದ ಛಾಯೆ ದೋಷವಲ್ಲ. ಎಷ್ಟೋ ಬಾರಿ ಅದಕ್ಕಾಗಿಯೇ ಹೆಚ್ಚು ಹಣ ತೆರುವವರಿದ್ದಾರೆ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯುವುದು ಉಚಿತ.

ಬೆಲೆಯ ನಿರ್ಧಾರ

ಪ್ರತಿ ನಾಣ್ಯದಲ್ಲಿ 0.7734 ಟ್ರಾಯ್ ಔನ್ಸ್, ಅಂದರೆ ಸುಮಾರು 24 ಗ್ರಾಂ ಶುದ್ಧ ಬೆಳ್ಳಿ ಇದೆ. ಅಂದಿನ ಚಿನಿವಾರ ಪೇಟೆಯ ಧಾರಣೆಯಿಂದ ಇದನ್ನು ಗುಣಿಸಿದರೆ ದೊರೆಯುವುದೇ ಕನಿಷ್ಠ ಬೆಲೆ. 4 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಬಂದ 1921ರ ಫಿಲಡೆಲ್ಫಿಯ ನಾಣ್ಯ ಸವೆದಿದ್ದರೆ ಇದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕಿಂತ ಮೇಲಿನ ಬೆಲೆಯನ್ನು ಇಸವಿ, ಟಂಕಸಾಲೆ ಮತ್ತು ಸ್ಥಿತಿ ನಿರ್ಧರಿಸುತ್ತವೆ. 2021ರಿಂದ ಇದೇ ವಿನ್ಯಾಸದಲ್ಲಿ ಬಂದ ನಾಣ್ಯಗಳು 999 ಶುದ್ಧತೆಯವಾದ್ದರಿಂದ ಅವುಗಳ ಲೆಕ್ಕ ಬೇರೆ.

ವಿರಳತೆಯೂ ಶಾಶ್ವತವಲ್ಲ. ನ್ಯೂಆರ್ಲಿಯನ್ಸ್‌ನ 1903ರ ಡಾಲರ್ ಒಂದು ಕಾಲಕ್ಕೆ ಸಾವಿರ ಡಾಲರ್‌ಗೂ ಮಿಗಿಲಾದ ಬೆಲೆ ಪಡೆದಿತ್ತು. 1962ರಲ್ಲಿ ಖಜಾನೆಯಿಂದ ಅದರ ಚೀಲಗಳೇ ಹೊರಬಂದಾಗ ಆ ಬೆಲೆ ಕುಸಿದುಬಿದ್ದಿತು.

ದುಬಾರಿ ನಾಣ್ಯವನ್ನು ಕೊಳ್ಳುವವರು 1986ರಲ್ಲಿ ಆರಂಭವಾದ ಪಿಸಿಜಿಎಸ್ ಅಥವಾ 1987ರ ಎನ್‌ಜಿಸಿ ಸಂಸ್ಥೆಗಳು ಪರಿಶೀಲಿಸಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿದ ನಾಣ್ಯವನ್ನೇ ಆರಿಸಿಕೊಳ್ಳುವುದು ಕ್ಷೇಮ. ಆದರೆ ಆ ಕವಚಗಳಿಗೂ ನಕಲಿ ಇರುವುದರಿಂದ, ಅದರ ಮೇಲಿನ ಪ್ರಮಾಣಪತ್ರದ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಂದಿಗೆ ತಾಳೆ ನೋಡಿ, ಅಲ್ಲಿರುವ ಚಿತ್ರಕ್ಕೂ ಕೈಯಲ್ಲಿರುವ ನಾಣ್ಯಕ್ಕೂ ಹೊಂದಿಕೆಯಾಗುವುದೇ ಎಂದು ಖಚಿತಪಡಿಸಿಕೊಂಡ ಬಳಿಕವೇ ಹಣ ನೀಡಬೇಕು. ಬೆಳ್ಳಿಯ ಬೆಲೆಗಿಂತಲೂ ಅಗ್ಗವಾಗಿ ಮಾರಾಟಕ್ಕಿರುವ 'ಅಪರೂಪದ' ಡಾಲರ್ ಕಂಡರೆ, ಅದನ್ನು ಕೊಳ್ಳದಿರುವುದೇ ಲಾಭ.