ಕೈಯಿಂದ ಕೈಗೆ ದಾಟಿದ ಸಮಾಧಾನ: ದಕ್ಷಿಣ ಭಾರತ ಸಭೆಯ ಆರಾಧನೆಯಲ್ಲಿ ಸಿರಿಯನ್ ಪರಂಪರೆ

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು. ಇಂದು ಸಿ.ಎಸ್.ಐ. ಎಂದೇ ಹೆಸರಾಗಿರುವ ಈ ಸಂಸ್ಥೆಯೊಳಗೆ, ಮೂರು ಬೇರೆ ಬೇರೆ ಆರಾಧನಾ ಪದ್ಧತಿಗಳಲ್ಲಿ ಬೆಳೆದ ಜನ ಅಂದು ಒಂದೇ ಸಭೆಯವರಾದರು. ಆಂಗ್ಲಿಕನ್ನರು 1662ರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಅನುಸರಿಸುತ್ತಿದ್ದರು. ಹಳೆಯ ಮೈಸೂರು ಸಂಸ್ಥಾನದಲ್ಲಿ ಪ್ರಬಲವಾಗಿದ್ದ ವೆಸ್ಲಿಯನ್ ಮೆಥಡಿಸ್ಟರಲ್ಲಿ ಅದೇ ಪುಸ್ತಕದ ಸರಳಗೊಳಿಸಿದ ರೂಪವೂ ಅದರ ಪಕ್ಕದಲ್ಲಿ ಗೀತೆ ಮತ್ತು ಉಪದೇಶಗಳಿಗೆ ಮೊದಲ ಸ್ಥಾನ ಕೊಡುವ ಕೂಟಗಳೂ ಇದ್ದವು. ಬಳ್ಳಾರಿ ಸೀಮೆಯ ಲಂಡನ್ ಮಿಷನ್ನಿನ ಸಭೆಗಳನ್ನು ಒಳಗೊಂಡಂತೆ 1908ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಂಯುಕ್ತ ಸಭೆಯವರು, ಬರೆದಿಟ್ಟ ಪ್ರಾರ್ಥನೆಗಿಂತ ಸಭಾಪಾಲಕರ ಬಾಯಿಂದ ಆ ಹೊತ್ತಿಗೆ ಮೂಡುವ ಪ್ರಾರ್ಥನೆಯನ್ನೇ ಹೆಚ್ಚು ನಂಬಿದವರಾಗಿದ್ದರು. ಯಾವ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ ಆರಾಧನಾಕ್ರಮವನ್ನು ಹೇರಕೂಡದೆಂದು ಐಕ್ಯದ ಸಂವಿಧಾನವೇ ಮಾತು ಕೊಟ್ಟಿದ್ದರಿಂದ, ಹೊಸ ಸಭೆ ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಕ್ರಮವನ್ನು ರಚಿಸಿದರೂ ಅದು ತನ್ನ ಗುಣದಿಂದಲೇ ಜನರನ್ನು ಒಲಿಸಿಕೊಳ್ಳಬೇಕಾಗಿತ್ತು.

ಈ ಕೆಲಸಕ್ಕೆ ನೇಮಕವಾದ ಸಮಿತಿಯ ಸಂಚಾಲಕರಾಗಿದ್ದವರು ತಿರುವಾಂಕೂರಿನಲ್ಲಿ ದುಡಿದ ಆಂಗ್ಲಿಕನ್ ಪಾದ್ರಿ ಲೆಸ್ಲಿ ಬ್ರೌನ್. ಮೂರು ಪದ್ಧತಿಗಳಲ್ಲಿ ಯಾವುದನ್ನು ಆರಿಸಿದರೂ ಉಳಿದಿಬ್ಬರಿಗೆ ಅದು ಸೋಲಿನಂತೆ ಕಾಣುತ್ತಿತ್ತು, ಏಕೆಂದರೆ ಆ ಮೂರೂ 16 ಮತ್ತು 17ನೆಯ ಶತಮಾನಗಳ ಯುರೋಪಿನ ಜಗಳಗಳಲ್ಲಿ ಬೇರು ಹೊಂದಿ, ಆ ಜಗಳಗಳ ಗುರುತನ್ನು ಮೈಮೇಲೆ ಹೊತ್ತುಕೊಂಡೇ ಭಾರತಕ್ಕೆ ಬಂದಿದ್ದವು. ಆದ್ದರಿಂದ ಸಮಿತಿ ಆ ಕಾಲವನ್ನು ದಾಟಿ, ಮೊದಲ ಶತಮಾನಗಳ ಕ್ರೈಸ್ತರು ರೊಟ್ಟಿ ಮುರಿದ ರೀತಿಯ ಕಡೆಗೆ ಕಣ್ಣು ಹಾಯಿಸಿತು. ಅಂಥ ಹುಡುಕಾಟ ಸಾಮಾನ್ಯವಾಗಿ ಗ್ರಂಥಾಲಯದಲ್ಲಿ ಮುಗಿಯುತ್ತದೆ. ಇಲ್ಲಿ ಹಾಗಾಗಬೇಕಿರಲಿಲ್ಲ, ಏಕೆಂದರೆ ಯೆರೂಸಲೇಮಿನ ಯಾಕೋಬನ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಾಚೀನ ಆರಾಧನಾಕ್ರಮ ನೆರೆಯ ಮಲಯಾಳ ನಾಡಿನ ಸಿರಿಯನ್ ಸಭೆಗಳಲ್ಲಿ ಭಾನುವಾರದಿಂದ ಭಾನುವಾರಕ್ಕೆ ಇನ್ನೂ ನಡೆಯುತ್ತಿತ್ತು. ಬ್ರೌನ್ ಆ ಜನರ ಇತಿಹಾಸದಲ್ಲಿ ಆಳವಾಗಿ ತೊಡಗಿದ್ದವರು. ತೋಮನ ಕ್ರೈಸ್ತರನ್ನು ಕುರಿತ ಅವರ ಗ್ರಂಥ 1956ರಲ್ಲಿ ಪ್ರಕಟವಾಯಿತು.

ಸಿರಿಯನ್ ಕ್ರೈಸ್ತರ ಈ ಸೊತ್ತು ಕೂಡ ಒಂದು ಕಾಲದಲ್ಲಿ ಬೇರೆಡೆಯಿಂದ ಬಂದದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು. ಅಪೊಸ್ತಲ ತೋಮನಿಂದ ತಮ್ಮ ಮೂಲವನ್ನು ಹೇಳಿಕೊಳ್ಳುವ ಅವರು ಪೋರ್ಚುಗೀಸರು ಬರುವ ಮೊದಲು ಪರ್ಷಿಯದ ಸಭೆಯೊಡನೆ ಸಂಬಂಧವಿಟ್ಟುಕೊಂಡು ಪೂರ್ವ ಸಿರಿಯಾಕ್ ಪದ್ಧತಿಯಲ್ಲಿ ಆರಾಧಿಸುತ್ತಿದ್ದರು. 1599ರ ಉದಯಂಪೇರೂರು ಧರ್ಮಸಭೆ ಅದನ್ನು ಲ್ಯಾಟಿನ್ ರೀತಿಗೆ ಬಗ್ಗಿಸಿತು. 1653ರಲ್ಲಿ ಮಟ್ಟಾಂಚೇರಿಯ ಕೂನನ್ ಶಿಲುಬೆಯ ಮುಂದೆ ಅವರಲ್ಲಿ ದೊಡ್ಡ ಗುಂಪೊಂದು ಜೆಸುಯಿಟರ ಅಧೀನದಲ್ಲಿ ಇರುವುದಿಲ್ಲವೆಂದು ಆಣೆ ಮಾಡಿತು. 1665ರಲ್ಲಿ ಯೆರೂಸಲೇಮಿನಿಂದ ಮಾರ್ ಗ್ರೆಗೋರಿಯೋಸ್ ಬಂದ ಮೇಲೆ ಆ ಗುಂಪಿನವರು ಅಂತಿಯೋಕ್ಯದ ಪಶ್ಚಿಮ ಸಿರಿಯಾಕ್ ಪದ್ಧತಿಯನ್ನು ಹಲವು ತಲೆಮಾರುಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ತಮ್ಮದಾಗಿಸಿಕೊಂಡರು. 1816ರಿಂದ ಕೊಟ್ಟಾಯಂನಲ್ಲಿ ಇವರ ನಡುವೆ ಕೆಲಸ ಮಾಡಿದ ಆಂಗ್ಲಿಕನ್ ಮಿಷನರಿಗಳು ಕುರ್ಬಾನದಲ್ಲಿ, ಅಂದರೆ ಸಿರಿಯನ್ನರ ಪವಿತ್ರ ಭೋಜನದ ಆರಾಧನೆಯಲ್ಲಿ, ತಿದ್ದಬೇಕಾದ ತಪ್ಪುಗಳನ್ನೇ ಹೆಚ್ಚಾಗಿ ಕಂಡರು. ಒಂದೂಕಾಲು ಶತಮಾನದ ನಂತರ ಅದೇ ಮಿಷನ್ನಿನ ಉತ್ತರಾಧಿಕಾರಿಗಳೂ ಸೇರಿದ್ದ ಸಭೆ, ಕಲಿಯುವುದಕ್ಕಾಗಿ ಅದೇ ಕುರ್ಬಾನದ ಬಳಿಗೆ ಹೋಯಿತು. ದಕ್ಷಿಣ ಭಾರತದ ಕ್ರೈಸ್ತ ಇತಿಹಾಸದಲ್ಲಿ ಇಷ್ಟು ಗೌರವದ ತಿರುವು ವಿರಳ.

1950ರಲ್ಲಿ ಬಳಕೆಗೆ ಬಂದು, 1954ರಲ್ಲಿ ಪರಿಷ್ಕೃತವಾಗಿ, 1963ರ ಸಾಮಾನ್ಯ ಆರಾಧನಾ ಪುಸ್ತಕದಲ್ಲಿ ಸೇರಿದ ಕರ್ತನ ಭೋಜನದ ಕ್ರಮದಲ್ಲಿ ಈ ಕಲಿಕೆಯ ಫಲ ಕಾಣುತ್ತದೆ. ಸಭಾಪಾಲಕರು ಮೇಜಿನ ಹಿಂದೆ ಜನರಿಗೆ ಮುಖಮಾಡಿ ನಿಲ್ಲುವುದು ಪ್ರಾಚೀನ ರೋಮಿನ ಬೆಸಿಲಿಕಾಗಳ ರೂಢಿಯನ್ನು ನೆನಪಿಸಿದರೆ, ಮಹಾಯಾಜಕನಾದ ಯೇಸುವನ್ನು ತಮ್ಮ ನಡುವೆ ಬರಬೇಕೆಂದು ಕರೆಯುವ ಪ್ರಾರ್ಥನೆ ಸ್ಪೇನಿನ ಹಳೆಯ ಮೊಜರಾಬಿಕ್ ಪದ್ಧತಿಯಿಂದ ಬಂದಿತು. ದೇವರನ್ನು ಮೂರು ಸಲ ಪರಿಶುದ್ಧನೆಂದು ಕರೆದು ಕರುಣೆ ಬೇಡುವ, ಪೂರ್ವದೇಶಗಳ ಸಭೆಗಳಿಗೆಲ್ಲ ಆಪ್ತವಾದ ಸ್ತುತಿಯೂ, ಸ್ತೋತ್ರದ ಮಹಾಪ್ರಾರ್ಥನೆಯ ನಡುವೆ ಕ್ರಿಸ್ತನ ಮರಣ, ಪುನರುತ್ಥಾನ, ಮರಳಿ ಬರುವಿಕೆಗಳನ್ನು ನೆನೆದು ಜನರೆಲ್ಲ ಒಂದೇ ದನಿಯಲ್ಲಿ ಕೂಗಿ ಹೇಳುವ ಮಾತೂ ಈ ಕ್ರಮದಲ್ಲಿ ಸ್ಥಾನ ಪಡೆದವು. ಎರಡನೆಯದು ನೇರವಾಗಿ ಸಿರಿಯನ್ ಕ್ರಮದ ಕೊಡುಗೆ. 1662ರ ಪುಸ್ತಕದಲ್ಲಿ ಆ ಪ್ರಾರ್ಥನೆ ಪಾದ್ರಿಯೊಬ್ಬರೇ ಹೇಳುವ ದೀರ್ಘ ಮಾತಾಗಿದ್ದು ಜನರ ಪಾಲಿಗೆ ಕೊನೆಯ ಆಮೆನ್ ಮಾತ್ರ ಉಳಿದಿತ್ತು. ಓದು ಬಾರದವರೇ ಹೆಚ್ಚಾಗಿದ್ದ ಗ್ರಾಮಸಭೆಗಳಲ್ಲಿ, ಕೇಳಿಯೇ ಬಾಯಿಗೆ ಬರುವಷ್ಟು ಚಿಕ್ಕದಾದ, ಮತ್ತೆ ಮತ್ತೆ ಬರುವ ಇಂಥ ಉತ್ತರಗಳಿಗೆ ಅಚ್ಚಾದ ಪುಸ್ತಕಕ್ಕಿಂತ ಹೆಚ್ಚಿನ ಬೆಲೆಯಿತ್ತು. ಸಮಿತಿ ಎಲ್ಲವನ್ನೂ ಎತ್ತಿಕೊಳ್ಳಲಿಲ್ಲ: ಬಲಿಪೀಠದ ಮುಂದಿನ ತೆರೆ, ಸಿರಿಯಾಕ್ ಭಾಷೆ, ಧೂಪದ ಘನವಾದ ವಿಧಿಗಳು ಅವುಗಳ ಮನೆಯಲ್ಲೇ ಉಳಿದವು.

ತೆಗೆದುಕೊಂಡವುಗಳಲ್ಲಿ ಅತ್ಯಂತ ದೂರ ಹೋದದ್ದು ಸಮಾಧಾನದ ವಿನಿಮಯ. ಪೌಲನ ಪತ್ರಗಳು ವಿಶ್ವಾಸಿಗಳು ಪವಿತ್ರವಾದ ಮುದ್ದಿನಿಂದ ಒಬ್ಬರನ್ನೊಬ್ಬರು ವಂದಿಸಬೇಕೆನ್ನುತ್ತವೆ. 2ನೆಯ ಶತಮಾನದ ನಡುವೆ ರೋಮಿನಲ್ಲಿ ಬರೆದ ಜಸ್ಟಿನ್, ಪ್ರಾರ್ಥನೆಗಳು ಮುಗಿದ ಮೇಲೆ ರೊಟ್ಟಿ ಮತ್ತು ಪಾತ್ರೆಯನ್ನು ತರುವ ಮುನ್ನ ಇದು ನಡೆಯುತ್ತಿತ್ತೆಂದು ತಿಳಿಸುತ್ತಾನೆ. ಪಶ್ಚಿಮ ಯುರೋಪಿನಲ್ಲಿ ಮಧ್ಯಯುಗದ ಹೊತ್ತಿಗೆ ಜನ ಒಬ್ಬರನ್ನೊಬ್ಬರು ಮುಟ್ಟುವುದು ನಿಂತು, ಚಿತ್ರ ಕೆತ್ತಿದ ಚಿಕ್ಕ ಫಲಕವೊಂದಕ್ಕೆ ಸರದಿಯಲ್ಲಿ ಮುತ್ತಿಡುವ ರೂಢಿ ಬಂದಿತು, ಪ್ರಾಟೆಸ್ಟಂಟ್ ಸುಧಾರಣೆಯ ನಂತರ ಇಂಗ್ಲೆಂಡಿನಲ್ಲಿ ಅದೂ ಮಾಯವಾಯಿತು. ಸಿರಿಯನ್ ಸಭೆ ಮಾತ್ರ ಅದನ್ನು ಕೈಗಳಲ್ಲಿ ಉಳಿಸಿಕೊಂಡಿತ್ತು: ಪಾದ್ರಿಯಿಂದ ಸೇವಕನಿಗೆ, ಸೇವಕನಿಂದ ಜನರಿಗೆ, ಜನರೊಳಗೆ ಒಬ್ಬರಿಂದ ಇನ್ನೊಬ್ಬರಿಗೆ ಸಮಾಧಾನ ಹರಿಯುತ್ತಿತ್ತು. ಹೊಸ ಕ್ರಮ ಇದನ್ನೇ ಸ್ವೀಕರಿಸಿ ವಿವರವಾಗಿ ವಿಧಿಸಿತು. ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ತಾಗಿಸಬೇಕು, ಬಳಿಕ ಇಬ್ಬರೂ ತಮ್ಮ ಎಡಗೈಯನ್ನು ಇನ್ನೊಬ್ಬರ ಬಲಗೈಯ ಮೇಲೆ ಮುಚ್ಚಬೇಕು.

ವಂದನೆಯೆಂದರೆ ದೂರದಿಂದಲೇ ಕೈಮುಗಿಯುವುದು ಎಂಬ ಸಮಾಜದಲ್ಲಿ, ಮುಟ್ಟು ಮತ್ತು ಮೈಲಿಗೆಯ ಲೆಕ್ಕ ಬಾವಿಯಿಂದ ಗುಡಿಯವರೆಗೆ ಹಬ್ಬಿದ್ದ ಹಳ್ಳಿಗಳಲ್ಲಿ, ಈ ವಿಧಿಯ ಅರ್ಥವೇ ಬೇರೆಯಾಯಿತು. ಜಾತಿಯ ಪ್ರಶ್ನೆ ದಕ್ಷಿಣದ ಪ್ರಾಟೆಸ್ಟಂಟ್ ಸಭೆಗಳನ್ನು ಮೊದಲೇ ಸೀಳಿತ್ತು: ಜಾತಿಭೇದವನ್ನು ಸಂಪೂರ್ಣವಾಗಿ ಬಿಡಬೇಕೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಆಜ್ಞೆ ಹೊರಡಿಸಿದಾಗ ತಂಜಾವೂರು ಕಡೆಯ ಅನೇಕರು ಒಟ್ಟಿಗೆ ಕೂರುವುದಕ್ಕೂ ಒಂದೇ ಪಾತ್ರೆಯಿಂದ ಕುಡಿಯುವುದಕ್ಕೂ ಒಪ್ಪದೆ ಸಭೆಯಿಂದ ದೂರ ಸರಿದಿದ್ದರು. ಸಿರಿಯನ್ ಕ್ರೈಸ್ತರ ದಾಖಲೆಯೂ ಇಲ್ಲಿ ನಿರ್ಮಲವಲ್ಲ. ಮೇಲ್ಜಾತಿಯ ಮರ್ಯಾದೆಯಲ್ಲಿ ಬಾಳಿದ ಅವರು ಪುಲಯರೇ ಮೊದಲಾದ ಸಮುದಾಯಗಳಿಂದ ಕ್ರೈಸ್ತರಾದವರನ್ನು ಬಹುಕಾಲ ತಮ್ಮ ಆರಾಧನೆಯಿಂದ ದೂರವೇ ಇಟ್ಟರು. ಅವರಲ್ಲಿ ಸಮಾಧಾನ ಹರಿದದ್ದು ಬಹುಮಟ್ಟಿಗೆ ಸಮಾನರ ಕೈಗಳ ನಡುವೆ. ಅದೇ ಸಂಕೇತ ದಲಿತರೇ ಬಹುಸಂಖ್ಯೆಯಲ್ಲಿದ್ದ ದಕ್ಷಿಣ ಭಾರತ ಸಭೆಗೆ ಬಂದಾಗ, ಅದು ತನ್ನ ತವರಿನಲ್ಲಿ ಎಂದೂ ಹೊರದಿದ್ದ ಭಾರವನ್ನು ಹೊತ್ತಿತು. ಪದ್ಧತಿಯೊಂದು ಸಭೆಯಿಂದ ಸಭೆಗೆ ದಾಟುವಾಗ ಅರ್ಥ ತೆಳುವಾಗುತ್ತದೆಂಬ ಭಯ ಸಹಜ. ಇಲ್ಲಿ ಅರ್ಥ ಗಟ್ಟಿಯಾಯಿತೆಂದೇ ಹೇಳಬೇಕಾಗುತ್ತದೆ.

ಆದರೂ ಆ ಕ್ರಮ ಎಲ್ಲೆಡೆ ಸಮನಾಗಿ ಬೇರೂರಲಿಲ್ಲ. ಒಬ್ಬ ಸಭಾಪಾಲಕರು ಹಲವು ಹಳ್ಳಿಗಳನ್ನು ನೋಡಿಕೊಳ್ಳಬೇಕಾಗಿದ್ದ ಕಡೆ ಕರ್ತನ ಭೋಜನವೇ ಅಪರೂಪವಾಗಿತ್ತು, ಹಳೆಯ ಮಿಷನ್ನಿನ ಪದ್ಧತಿಯನ್ನು ಬಿಡಲೊಲ್ಲದವರಿಗೆ ಸಂವಿಧಾನದ ಮಾತು ಆಸರೆಯಾಗಿತ್ತು. ಹೊರದೇಶಗಳಲ್ಲಿ ಅದಕ್ಕೆ ದೊರೆತ ಗಮನ ಇದಕ್ಕಿಂತ ದೊಡ್ಡದು. 1953ರಲ್ಲಿ ಉಗಾಂಡದ ಬಿಷಪ್ ಆದ ಬ್ರೌನ್ 1964ರಲ್ಲಿ ಪ್ರಕಟವಾದ ಆಫ್ರಿಕದ ಆರಾಧನಾಕ್ರಮದ ರಚನೆಗೆ ಇಲ್ಲಿನ ಅನುಭವವನ್ನು ಕೊಂಡೊಯ್ದರು. 1960 ಮತ್ತು 70ರ ದಶಕಗಳಲ್ಲಿ ಆಂಗ್ಲಿಕನ್ನರೂ ಮೆಥಡಿಸ್ಟರೂ ತಮ್ಮ ಕ್ರಮಗಳನ್ನು ತಿದ್ದುವಾಗ ಸಮಾಧಾನದ ವಿನಿಮಯಕ್ಕೂ ಜನರ ಘೋಷಣೆಗೂ ದಕ್ಷಿಣ ಭಾರತ ಮೇಲ್ಪಂಕ್ತಿಯಾಗಿ ಕಣ್ಣಮುಂದಿತ್ತು.

ಈ ನೆಲದಲ್ಲಿ ಸಮಾಧಾನವನ್ನು ಹೇಗೆ ಹಂಚಿಕೊಳ್ಳಬೇಕೆಂಬ ಪ್ರಶ್ನೆಗೆ ಕಥೋಲಿಕರು ಬೇರೆ ದಾರಿ ಹಿಡಿದರು. ಪಾದ್ರಿ ಡಿ. ಎಸ್. ಅಮಲೋರ್‌ಪವದಾಸ್ ಅವರು ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಕೇಂದ್ರ ಆರಾಧನೆಯ ಭಾರತೀಕರಣಕ್ಕೆ ಮುಂದಾಳಾಗಿದ್ದ ಕಾಲದಲ್ಲಿ, 1969ರ ಏಪ್ರಿಲ್‌ನಲ್ಲಿ ರೋಮ್ ಒಪ್ಪಿದ 12 ಅಂಶಗಳು ಸಮಾಧಾನವನ್ನು ಅಂಜಲಿ ಮುದ್ರೆಯಿಂದ, ಅಂದರೆ ಕೈಮುಗಿದು, ಹಂಚಿಕೊಳ್ಳಲು ಅನುಮತಿ ಕೊಟ್ಟವು. ಕೊಡುವವರ ಕೈಗಳನ್ನು ಪಡೆಯುವವರ ಕೈಗಳ ನಡುವೆ ಇಡುವ ರೀತಿಯೂ ಅದೇ ಅಂಶದಲ್ಲಿತ್ತು. ಕೈಮುಗಿಯುವುದು ಈ ನೆಲದ ವಂದನೆ, ಅದರ ಸೌಂದರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದು ಇಬ್ಬರ ನಡುವಿನ ಅಂತರವನ್ನು ಇದ್ದಂತೆಯೇ ಉಳಿಸಬಲ್ಲದು, ಅಂಗೈಗೆ ಅಂಗೈ ತಾಗಿಸುವ ವಿಧಿ ಉಳಿಸಲಾರದು. ಕನ್ನಡ ನಾಡಿನ ಹಳ್ಳಿಯ ಸಭೆಯೊಂದರಲ್ಲಿ ಈ ಎರಡರ ನಡುವೆ ಆಯ್ಕೆ ಬಂದಾಗ, ಸಿರಿಯನ್ನರಿಂದ ಎರವಲು ತಂದ ಕೈಯೇ ಸುವಾರ್ತೆಯ ಕೆಲಸವನ್ನು ಹೆಚ್ಚು ನೇರವಾಗಿ ಮಾಡುತ್ತದೆ.