ಕೊಳ್ಳೇಗಾಲ ಸೀಮೆಯ ಕಿರುಮನೆಗಳ ಪಾಕಶಾಲೆ

ಪಾಕಶಾಲೆಯು ಮನೆಯ ಆಗ್ನೇಯದಲ್ಲಿರತಕ್ಕದ್ದೆಂದು ವರಾಹಮಿಹಿರನು ಕ್ರಿ. ಶ. 6ನೆಯ ಶತಮಾನದ ಬೃಹತ್ಸಂಹಿತೆಯಲ್ಲಿ ವಿಧಿಸಿರುವನು. ಕನ್ನಡದಲ್ಲಿ ಚಾವುಂಡರಾಯನ ಲೋಕೋಪಕಾರವು (ಸು. 1025) ವಾಸ್ತುವನ್ನೂ ಸೂಪಶಾಸ್ತ್ರವನ್ನೂ ಒಂದೇ ಗ್ರಂಥದಲ್ಲಿ ಅಡಕಮಾಡಿರುವುದು. ಅಗ್ನಿಯು ಆ ದಿಕ್ಕಿಗೆ ಅಧಿಪತಿಯಾಗಿರುವುದೇ ಈ ವಿಧಿಗೆ ಕಾರಣವೆಂದು ಪ್ರಸಿದ್ಧಿ. ಕೊಳ್ಳೇಗಾಲ, ಹನೂರು, ಯಳಂದೂರು ಪ್ರಾಂತಗಳಲ್ಲಿ ಇದನ್ನು ಗಾಳಿಯೊಡನೆ ಹೋಲಿಸಿ ನೋಡುವುದು ಉಚಿತ.

ಮುಂಗಾರಿನ ಪಡುವಣ ಗಾಳಿಯು ಆಗ್ನೇಯದ ಹೊಗೆಯನ್ನು ಮನೆಯಿಂದಾಚೆಗೆ ಒಯ್ಯುವುದು. ಹಿಂಗಾರಿನ ಚಿತ್ತೆ ಸ್ವಾತಿಗಳಲ್ಲಾದರೋ ಗಾಳಿಯು ಮೂಡಣದಿಂದ ಬೀಸಿ ಅದೇ ಹೊಗೆಯನ್ನು ಒಳಕ್ಕೆ ತಳ್ಳುವುದು. ಸೌದೆ ನೆನೆದಿರುವ ಕಾಲವೂ ಅದೇ. ತೊಟ್ಟಿಮನೆಯಲ್ಲಿ ಹೊಗೆಗೆ ದಾರಿಯುಂಟು, ಒಂದಂಕಣದ ಮನೆಯಲ್ಲಿಲ್ಲ. ಅದೇ ಸೂರಿನಡಿ ರೇಷ್ಮೆಹುಳು ಸಾಕುವವರಿಗೆ ಕಷ್ಟವು ಇಮ್ಮಡಿ, ಹೊಗೆಯು ಹುಳುವಿಗೂ ಹಾನಿಕರವಷ್ಟೆ.

ಆದುದರಿಂದ ಜನರು ದಿಕ್ಕಿನೊಡನೆ ಎತ್ತರವನ್ನೂ ಆಶ್ರಯಿಸಿದರು: ಒಲೆಯ ಮೇಲೆ ಸೌದೆ ಒಣಗಿಸುವ ಅಟ್ಟ, ಸೂರಿನಲ್ಲಿ ಬೆಳಕಿಂಡಿ, ಹಾಲುಮೊಸರಿಗೆ ನೆಲವು, ಸ್ಥಳ ಸಾಲದುದರಿಂದ ಒಂದರ ಮೇಲೊಂದಿಟ್ಟ ಅಡಕಲುಗಡಿಗೆಗಳು, ಒಂದೇ ಉರಿಯಿಂದ ಎರಡು ಪಾತ್ರೆ ಕಾಯಿಸುವ ಕೋಡೊಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯು ಇದೇ ತತ್ತ್ವವನ್ನು ಮುಂದುವರಿಸಿ, ಉರಿಯನ್ನು ಮೂರು ಪಾತ್ರೆಗಳಿಗೆ ಹಂಚಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳುಹಿಸಿತು.

ಈಗ ಅನಿಲದ ಒಲೆ ಬಂದು ಹೊಗೆ ತಗ್ಗಿದ್ದರೂ ಅನ್ನದ ಆವಿಯು ತಗ್ಗಿಲ್ಲ. ಆಗ್ನೇಯವನ್ನು ಅಳೆದು, ಗಾಳಿಯ ಕಿಂಡಿಯನ್ನು ಮರೆತ ಮನೆಯು ವಿಧಿಯ ಅಕ್ಷರವನ್ನು ಉಳಿಸಿಕೊಂಡು ಪ್ರಯೋಜನವನ್ನು ಕಳೆದುಕೊಂಡಿರುವುದು. ಅದರ ದಂಡವನ್ನು ತೆರುವವಳು ಗೃಹಿಣಿ.