ಕಾಲಡಿಯ ಅಲೆಗಳು: ಲಿಸ್ಬನ್ ಕಲ್ಲುಹಾಸಿನ ಕಥೆ

ರಿಯೋದ ಕೊಪಕಬಾನ ಬೀಚ್ ಫೋಟೋ ನೋಡಿದ್ದೀರಲ್ವಾ? ಫುಟ್‌ಪಾತ್ ತುಂಬಾ ಕಪ್ಪು-ಬಿಳಿ ಅಲೆಗಳು. ಅದರ ಮೂಲ ಬ್ರೆಜಿಲ್ ಅಲ್ಲ, ಪೋರ್ಚುಗಲ್‌ನ ಲಿಸ್ಬನ್.

1842ರಲ್ಲಿ ಅಲ್ಲಿನ ಸಾವೊ ಜಾರ್ಜ್ ಕೋಟೆಯ ಸೇನಾಧಿಕಾರಿ ಯುಸೆಬಿಯೊ ಫುರ್ತಾದೊ ಅಂಕುಡೊಂಕು ಗೆರೆಗಳ ಕಲ್ಲುಹಾಸು ಮಾಡಿಸಿದರು. ಹಾಸಿದವರು ಕೈದಿಗಳು. ಊರಿಗೆ ಅದು ಹಿಡಿಸಿತು. 1848-49ರಲ್ಲಿ ರೊಸಿಯೊ ಚೌಕಕ್ಕೂ ಕಲ್ಲಿನ ಅಲೆಗಳು ಬಂದವು. ಹೆಸರು 'ಮಾರ್ ಲಾರ್ಗೊ', ಅಂದರೆ ವಿಶಾಲ ಸಮುದ್ರ. ಇವತ್ತು ಎಲ್ಲರೂ ಸೆಲ್ಫಿ ತೆಗೆಯೋ ಈ ಅಂದ ಶುರುವಾಗಿದ್ದು ಕೈದಿಗಳ ಬೆವರಿನಿಂದ!

ಈ ಕೆಲಸದವರನ್ನು 'ಕಾಲ್ಸೆತೈರೊ' ಅಂತಾರೆ. ನೆಲಕ್ಕೆ ಬಾಗಿ ಕೂತು, ಅಂಗೈಯಲ್ಲಿ ಸುಣ್ಣಕಲ್ಲು ಹಿಡಿದು, ಸುತ್ತಿಗೆಯಿಂದ ಕೆತ್ತಿ, ಒಂದೊಂದೇ ಕೂರಿಸಬೇಕು. ದಿನವಿಡೀ ಬಿಸಿಲು, ಬೆನ್ನುನೋವು, ಸಂಬಳ ಕಮ್ಮಿ. 1920ರ ದಶಕದಲ್ಲಿ ಲಿಸ್ಬನ್ ನಗರಾಡಳಿತದಲ್ಲಿ ಇಂಥವರು ಸುಮಾರು 400 ಜನ ಇದ್ದರು. ಈಗ ಕೆಲವೇ ಮಂದಿ. ಹೊಸಬರಿಗೆ ಕಲಿಸೋಕೆ 1986ರಲ್ಲಿ ಶಾಲೆಯೂ ಶುರುವಾಯ್ತು.

ಆದರೆ ವಯಸ್ಸಾದವರ ದೂರೂ ನಿಜ: ಮಳೆ ಬಂದರೆ ಈ ಕಲ್ಲು ಜಾರುತ್ತೆ. ಹಾಗಾಗಿ ಕೆಲವು ಕಡೆ ಬೇರೆ ನೆಲಹಾಸು ಹಾಕಿದ್ದಾರೆ.

ನಾನು ಬಿಕಾಂ ಓದಿದವನು, ಮೊದಲು ಲೆಕ್ಕ ನೋಡ್ತೀನಿ. ಕಾಂಕ್ರೀಟ್ ಹಾಕೋದು ಬೇಗ ಮುಗಿಯುತ್ತೆ, ಒಪ್ಪಿದೆ. ಆದರೆ ಈ ಕಲ್ಲನ್ನ ಕಿತ್ತು ಮತ್ತೆ ಹಾಸಬಹುದು, ಸಂದಿಯಲ್ಲಿ ನೀರೂ ಇಂಗುತ್ತೆ. 2021ರಲ್ಲಿ ಪೋರ್ಚುಗಲ್ ಈ ಕಲೆಯನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೇದೇ. ಆದರೆ ಪಟ್ಟಿ ಸುತ್ತಿಗೆ ಹಿಡಿಯಲ್ಲ. ಹಿಡಿಯೋ ಕೈಗೆ ಸರಿಯಾದ ಸಂಬಳ ಸಿಕ್ಕರೆ ಮಾತ್ರ ಈ ಅಲೆ ಉಳಿಯುತ್ತೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.